ಅರಮನೆ ಹಾಗೂ ವಾಡೆಗಳಲ್ಲಿ ಅತಿಥಿ ವಾಸ್ತವ್ಯ: ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳ ನಾಗರಿಕರಿಗೆ ಮಾಹಿತಿ

ಹಿಂದಿನ ಸಂಸ್ಥಾನಿಕರು, ಸರದಾರರು ಹಾಗೂ ದೇಸಾಯಿ, ದೇಶಪಾಂಡೆ ಮನೆತನದವರು ವಾಸವಾಗಿದ್ದ ಅರಮನೆ, ಕೋಟೆ ಮತ್ತು ವಾಡೆಗಳ ಪೈಕಿ ಕೆಲವು ಇಂದು ಅತಿಥಿಗೃಹಗಳಾಗಿ ಪರಿವರ್ತನೆ ಹೊಂದಿದ್ದು, ಸಾರ್ವಜನಿಕರು ನಿಗದಿತ ಬಾಡಿಗೆ ಪಾವತಿಸಿ ಅಲ್ಲಿ ತಂಗಬಹುದಾಗಿದೆ. ಇಂತಹ ಕಟ್ಟಡಗಳಲ್ಲಿ ವಾಸ್ತವ್ಯ ಮಾಡಬಯಸುವವರಿಗೂ, ತಮ್ಮ ಹಿರಿಯರ ವಾಡೆಯನ್ನು ಇದೇ ರೀತಿ ಅತಿಥಿಗಳಿಗೆ ತೆರೆಯಬೇಕೆಂದಿರುವ ಕುಟುಂಬಗಳಿಗೂ ಉಪಯುಕ್ತವಾಗುವ ವಿವರಗಳನ್ನು ಇಲ್ಲಿ ನೀಡಲಾಗಿದೆ. ಅರ್ಜಿ ಸಲ್ಲಿಸುವ ಮುನ್ನ ಎರಡೂ ವರ್ಗದವರು ಇದನ್ನು ಪೂರ್ಣವಾಗಿ ಓದಿಕೊಳ್ಳುವುದು ಒಳಿತು. ಅತಿಥಿ ಕೊಡುವ ಬಾಡಿಗೆ ಯಾವುದಕ್ಕೆ ವೆಚ್ಚವಾಗುತ್ತದೆ ಎಂಬುದನ್ನು ಅತಿಥಿಯೂ ತಿಳಿದಿರಬೇಕು, ಅದನ್ನು ಪಡೆಯುವವರೂ ತಿಳಿದಿರಬೇಕು.

ಈ ಭಾಗದ ವಾಡೆಗಳ ಹಿನ್ನೆಲೆ

ಬೆಳಗಾವಿ ಜಿಲ್ಲೆಯ ಉತ್ತರ ಭಾಗದಲ್ಲಿರುವ ಈ ಐದು ತಾಲ್ಲೂಕುಗಳು ಹಿಂದೆ ಒಂದೇ ಆಡಳಿತಕ್ಕೆ ಒಳಪಟ್ಟಿರಲಿಲ್ಲ. ನಿಪ್ಪಾಣಿಯು ಪೇಶ್ವೆಯ ಕಾಲದಲ್ಲಿ ನಿಂಬಾಳ್ಕರ ದೇಸಾಯಿ ಮನೆತನದ ನೆಲೆಯಾಗಿದ್ದು, ಅಪ್ಪಾ ದೇಸಾಯಿ ಎಂದೇ ಹೆಸರಾದ ಸಿದ್ಧೋಜಿರಾವ್ ನಿಪಾಣಕರರು ಆ ಕಾಲದ ಪ್ರಬಲ ಸರದಾರರಲ್ಲಿ ಒಬ್ಬರಾಗಿದ್ದರು. ಚಿಕ್ಕೋಡಿ ಹಾಗೂ ಮನೋಳಿ ಸೀಮೆಗಳಿಗಾಗಿ ನಿಪ್ಪಾಣಿಯವರಿಗೂ ಕೊಲ್ಲಾಪುರದ ಅರಸರಿಗೂ ಹಲವು ವರ್ಷ ಕಲಹ ನಡೆಯಿತು. ನಿಪ್ಪಾಣಿಗೆ ಸೇರಿದ್ದ ಅಥಣಿಯು ವಾರಸುದಾರರಿಲ್ಲವೆಂಬ ಕಾರಣದ ಮೇಲೆ 1839ರಲ್ಲಿ ಬ್ರಿಟಿಷ್ ಸರಕಾರದ ವಶವಾಯಿತು. ರಾಯಬಾಗವು ಕೊಲ್ಲಾಪುರ ಸಂಸ್ಥಾನದ ಒಂದು ಮಹಾಲಾಗಿದ್ದು, ಆ ಸಂಸ್ಥಾನವು 1949ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೆ ಅದರೊಂದಿಗೇ ಇತ್ತು. ಕಾಗವಾಡ, ಶೇಡಬಾಳಗಳ ಕಡೆ ಪಟವರ್ಧನ ಮನೆತನಗಳ ಆಡಳಿತವಿತ್ತು. 1956ರ ನವೆಂಬರ್ 1ರಂದು ಇವೆಲ್ಲವೂ ಬೆಳಗಾವಿ ಜಿಲ್ಲೆಯೊಡನೆ ಅಂದಿನ ಮೈಸೂರು ರಾಜ್ಯಕ್ಕೆ ಸೇರಿದವು.

ಇಷ್ಟು ಮನೆತನಗಳು ಆಳಿದ ಸೀಮೆಯಾದುದರಿಂದ ದೊಡ್ಡ ಊರುಗಳಲ್ಲಷ್ಟೇ ಅಲ್ಲದೆ ಹಳ್ಳಿಗಳಲ್ಲಿಯೂ ವಾಡೆಗಳಿವೆ. ವಾಡೆಯೆಂದರೆ ಬರೀ ದೊಡ್ಡ ಮನೆಯಲ್ಲ. ಎತ್ತರದ ಹೊರಗೋಡೆ, ಕೆಲವೆಡೆ ಬುರುಜುಗಳು, ಆನೆ ಕುದುರೆ ಹಾಯುವಷ್ಟು ಎತ್ತರದ ಮಹಾದ್ವಾರ, ಅದರ ಮಗ್ಗುಲಲ್ಲಿ ಕಾವಲಿನವರು ಕೂಡುತ್ತಿದ್ದ ದೇವಡಿ, ಒಳಗೆ ತೆರೆದ ಚೌಕ, ಚೌಕದ ಸುತ್ತ ಸಾಗುವಾನಿ ಕಂಬಗಳ ಪಡಸಾಲೆ ಇವು ಸಾಮಾನ್ಯವಾಗಿ ಕಂಡುಬರುವ ಭಾಗಗಳು. ಹೊರಚೌಕದಲ್ಲಿ ದಫ್ತರ ಇಟ್ಟುಕೊಂಡು ಕಂದಾಯದ ಲೆಕ್ಕ ನಡೆಯುತ್ತಿತ್ತು. ಫಿರ್ಯಾದಿಗೆ ಬಂದ ರೈತರು ಅಲ್ಲಿಯವರೆಗೆ ಬರಬಹುದಾಗಿತ್ತು. ಒಳಚೌಕದಲ್ಲಿ ಅಡಿಗೆಮನೆ, ದೇವರಮನೆ, ಬಾಣಂತಿಯ ಕೋಣೆ ಹಾಗೂ ಹೆಣ್ಣುಮಕ್ಕಳ ವಾಸದ ಕೋಣೆಗಳಿರುತ್ತಿದ್ದವು. ಕಾಳು ತುಂಬಲು ನೆಲದಲ್ಲಿ ಹಗೇವುಗಳಿದ್ದವು. ಹೊರಗಿನದು ಸಾರ್ವಜನಿಕ, ಒಳಗಿನದು ಮನೆತನದ್ದು ಎಂಬ ಈ ಗೆರೆ ಇಂದಿಗೂ ಮುಖ್ಯ. ವಾಡೆಯನ್ನು ಅತಿಥಿಗಳಿಗೆ ತೆರೆಯುವ ಕುಟುಂಬಗಳಿಗೆ ಹೊರಚೌಕವನ್ನು ಬಿಟ್ಟುಕೊಟ್ಟು ಒಳಚೌಕದಲ್ಲಿ ತಾವು ಇರುವುದು ಸುಲಭವಾಗುತ್ತದೆ.

ವಾಡೆಗಳ ಪೋಷಣೆಗೆ ಬರುತ್ತಿದ್ದ ಆದಾಯ ಭೂಮಿಯದು. ಮುಂಬಯಿ ಪ್ರಾಂತದ 1950ರ ಪರಗಣಾ ಮತ್ತು ಕುಲಕರ್ಣಿ ವತನ ರದ್ದತಿ ಅಧಿನಿಯಮದಿಂದ ದೇಸಾಯಿ, ದೇಶಪಾಂಡೆ ಮನೆತನಗಳ ವತನ ಹೋಯಿತು. ಸಂವಿಧಾನದ 26ನೆಯ ತಿದ್ದುಪಡಿಯಿಂದ 1971ರಲ್ಲಿ ಮಾಜಿ ಅರಸರ ರಾಜಧನ ನಿಂತಿತು. ಕರ್ನಾಟಕದ ಭೂಸುಧಾರಣಾ ಕಾನೂನಿಗೆ 1974ರಲ್ಲಿ ಜಾರಿಗೆ ಬಂದ ತಿದ್ದುಪಡಿಯಿಂದ ಗೇಣಿ ಜಮೀನುಗಳು ಉಳುವವರ ಪಾಲಾದವು. ಉಳುವವನಿಗೆ ಭೂಮಿ ದೊರೆತದ್ದು ನ್ಯಾಯವೇ ಆಗಿದೆ. ಅದರ ಬಗ್ಗೆ ಇಲ್ಲಿ ಚರ್ಚೆಯಿಲ್ಲ. ಆದರೆ ಮನೆ ಉಳಿಯಿತು, ಮನೆಯನ್ನು ಸಾಕುತ್ತಿದ್ದ ಹುಟ್ಟುವಳಿ ಉಳಿಯಲಿಲ್ಲ. ಮಣ್ಣಿನ ಮಾಳಿಗೆಗೆ ಮಳೆಗಾಲಕ್ಕೆ ಮೊದಲು ಮೇಲುಮಣ್ಣು ಹಾಕಿಸಬೇಕು, ಗಾರೆ ಉದುರಿದಲ್ಲಿ ಗಾರೆಯನ್ನೇ ಮೆತ್ತಿಸಬೇಕು, ತೊಲೆಗಳಿಗೆ ಗೆದ್ದಲು ಹತ್ತದಂತೆ ನೋಡಿಕೊಳ್ಳಬೇಕು. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ದಂಡೆಯ ಊರುಗಳಲ್ಲಿ 2005, 2019 ಮತ್ತು 2021ರಲ್ಲಿ ಬಂದ ನೆರೆಯನ್ನು ಕಂಡವರಿಗೆ, ಮಣ್ಣಿನ ಗೋಡೆಯ ಬುಡದಲ್ಲಿ ನೀರು ನಿಂತರೆ ಏನಾಗುವುದೆಂದು ವಿವರಿಸಬೇಕಾಗಿಲ್ಲ. ಹಿಸ್ಸೆಯಾಗಿ ನಾಲ್ಕು ಕಡೆ ಚದುರಿದ ಕುಟುಂಬಗಳಿಗೆ ಈ ವೆಚ್ಚ ಭರಿಸುವುದು ಕಷ್ಟ. ತೊಲೆ ಕಂಬಗಳನ್ನು ಬಿಚ್ಚಿ ಮಾರುವುದು ಒಂದು ದಾರಿ, ಅತಿಥಿಗಳನ್ನು ಕರೆಯುವುದು ಇನ್ನೊಂದು.

ನಾಗರಿಕರು ಗಮನಿಸಬೇಕಾದ ಅಂಶವೆಂದರೆ, ವಾಡೆಗಳು ಖಾಸಗಿ ಸ್ವತ್ತುಗಳು. ಮಹಾದ್ವಾರ ತೆರೆದಿದೆಯೆಂಬ ಮಾತ್ರಕ್ಕೆ ಒಳಗೆ ಹೋಗಿ ಛಾಯಾಚಿತ್ರ ತೆಗೆಯುವುದು, ಮನೆಯವರನ್ನು ಕೇಳದೆ ಬುರುಜು ಹತ್ತುವುದು ಸರಿಯಲ್ಲ.

ವಾಸ್ತವ್ಯಕ್ಕೆ ತೆರೆದಿರುವ ಕೆಲವು ಅರಮನೆಗಳು

ನಮ್ಮ ರಾಜ್ಯದಲ್ಲಿ ಅತ್ಯಂತ ಪ್ರಸಿದ್ಧವಾದುದು ಮೈಸೂರಿನ ಲಲಿತಮಹಲ್ ಅರಮನೆ. ನಾಲ್ವಡಿ ಕೃಷ್ಣರಾಜ ಒಡೆಯರು 1921ರಲ್ಲಿ ಇದಕ್ಕೆ ಅಡಿಗಲ್ಲು ಹಾಕಿದರು. ವಾಸ್ತುಶಿಲ್ಪಿ ಇ.ಡಬ್ಲ್ಯೂ. ಫ್ರಿಚ್ಲಿ, ಲಂಡನ್ನಿನ ಸೇಂಟ್ ಪಾಲ್ ಇಗರ್ಜಿಯ ಗುಮ್ಮಟವನ್ನು ನೆನಪಿಸುವ ಮಧ್ಯದ ಗುಮ್ಮಟ ದೂರದಿಂದಲೇ ಕಾಣಿಸುತ್ತದೆ. ಇದನ್ನು ಕಟ್ಟಿಸಿದ್ದೇ ವೈಸರಾಯರ ವಾಸ್ತವ್ಯಕ್ಕಾಗಿ. ಅಂದರೆ ಇದು ಮೊದಲಿನಿಂದಲೂ ಅತಿಥಿಗೃಹ. 1974ರಲ್ಲಿ ಹೋಟೆಲಾಗಿ ಪರಿವರ್ತನೆಯಾಗಿ ಕೇಂದ್ರ ಸರಕಾರದ ಭಾರತ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ನಿರ್ವಹಣೆಯಲ್ಲಿತ್ತು. 2018ರಲ್ಲಿ ರಾಜ್ಯಕ್ಕೆ ಮರಳಿ, ರಾಜ್ಯ ಸರಕಾರದ ಉದ್ಯಮವಾದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಸಂಸ್ಥೆಗೆ ವಹಿಸಲ್ಪಟ್ಟಿತು. ಅಮೃತಶಿಲೆಯ ಮೆಟ್ಟಿಲುಗಳು, ಬಣ್ಣದ ಗಾಜಿನ ಗುಮ್ಮಟಗಳಿರುವ ನೃತ್ಯಶಾಲೆ (ಇದು ನಂತರ ಊಟದ ಶಾಲೆಯಾಯಿತು) ಹಾಗೂ ಹಳೆಯ ಕಾಲದ ಲಿಫ್ಟ್ ಇಲ್ಲಿಯ ಆಕರ್ಷಣೆಗಳು. ಇದೇ ಸಂಸ್ಥೆಯ ಕಬಿನಿ ನದಿ ತೀರದ ವಸತಿಗೃಹವು ಮೈಸೂರು ಮಹಾರಾಜರ ಬೇಟೆಯ ಬಂಗಲೆಯಿದ್ದ ಕಾರಾಪುರದಲ್ಲಿದೆ. ಬೇಟೆಯ ಬಂಗಲೆಗಳೂ ಪಾರಂಪರಿಕ ವಸತಿಗಳ ಲೆಕ್ಕಕ್ಕೆ ಬರುತ್ತವೆಂಬುದನ್ನು ಹಲವರು ಅರಿತಿಲ್ಲ. ಬಳ್ಳಾರಿ ಜಿಲ್ಲೆಯ ಸಂಡೂರಿನಲ್ಲಿ ಘೋರ್ಪಡೆ ಅರಸು ಮನೆತನದ ಶಿವವಿಲಾಸ ಅರಮನೆಯೂ ಹೋಟೆಲಾಗಿ ಪರಿವರ್ತನೆಗೊಂಡಿದೆ.

ಮೈಸೂರು ಈ ತಾಲ್ಲೂಕುಗಳಿಂದ ಒಂದು ಹಗಲಿನ ಪ್ರಯಾಣಕ್ಕೂ ದೂರ. ಗಡಿಯಾಚೆಯ ಊರುಗಳು ಹತ್ತಿರ. ನಿಪ್ಪಾಣಿಯಿಂದ ಸುಮಾರು 40 ಕಿ.ಮೀ. ದೂರದ ಕೊಲ್ಲಾಪುರದಲ್ಲಿ ರಂಕಾಳ ಕೆರೆಯ ದಂಡೆಯ ಮೇಲಿನ ಶಾಲಿನಿ ಅರಮನೆಯನ್ನು 1931ರಿಂದ 1934ರ ಅವಧಿಯಲ್ಲಿ ಕಟ್ಟಲಾಯಿತು. ಕಪ್ಪು ಕಲ್ಲು ಮತ್ತು ಇಟಲಿಯ ಅಮೃತಶಿಲೆಯ ಈ ಕಟ್ಟಡ 1987ರಲ್ಲಿ ಹೋಟೆಲಾಯಿತು. ನಮ್ಮ ಕಡೆಯ ಎಷ್ಟೋ ಮಂದಿ ಅದನ್ನು ಕಂಡಿದ್ದಾರೆ. ಆದರೆ ಆ ಹೋಟೆಲು ಬಳಿಕ ಮುಚ್ಚಿಹೋಯಿತು. ಹಳೆಯ ಮಾರ್ಗದರ್ಶಿ ಪುಸ್ತಕಗಳಲ್ಲಿ ಅದರ ಹೆಸರು ಇನ್ನೂ ಇರುವುದರಿಂದ ಈ ಮಾತನ್ನು ಸ್ಪಷ್ಟಪಡಿಸಲಾಗಿದೆ. ಅರಮನೆಯಾದ ಮಾತ್ರಕ್ಕೆ ಹೋಟೆಲು ನಡೆದೇ ತೀರುತ್ತದೆಂಬ ಭರವಸೆ ಇಲ್ಲವೆಂಬುದನ್ನು ವಾಡೆಯ ಒಡೆಯರೂ ಇದರಿಂದ ಮನಗಾಣಬಹುದು.

ಇದಕ್ಕೆ ಭಿನ್ನವಾದ ಉದಾಹರಣೆ ಸಾವಂತವಾಡಿಯದು. ಸಿಂಧುದುರ್ಗ ಜಿಲ್ಲೆಯ ಈ ಹಳೆಯ ಸಂಸ್ಥಾನದ ಅರಮನೆ 1755ರಿಂದ 1803ರವರೆಗೆ ಆಳಿದ ಮೂರನೆಯ ಖೇಮ ಸಾವಂತರ ಕಾಲದ್ದು. ಜಂಬಿಟ್ಟಿಗೆ ಕಲ್ಲಿನ ಕಟ್ಟಡ, ಎದುರಿಗೆ ಮೋತಿ ತಲಾವ್. ಅರಗು ಬಳಿದು ಕೈಯಿಂದ ಚಿತ್ರ ಬರೆಯುವ ಗಂಜೀಫಾ ಎಂಬ ದುಂಡನೆಯ ಇಸ್ಪೀಟು ಎಲೆಗಳ ಕುಶಲಕಲೆ ಇಲ್ಲಿಯ ವಿಶೇಷ. ಅಳಿವಿನಂಚಿನಲ್ಲಿದ್ದ ಈ ಕಲೆಯನ್ನು ಅರಸು ಮನೆತನದವರು ಅರಮನೆಯ ದರಬಾರು ಶಾಲೆಯಲ್ಲಿಯೇ ಕಲಾವಿದರನ್ನು ಕೂಡಿಸಿ ಉಳಿಸಿಕೊಂಡು ಬಂದರು. 2022ರಲ್ಲಿ ಇದೇ ಆವರಣದಲ್ಲಿ ಕೆಲವೇ ಕೊಠಡಿಗಳ ಸಣ್ಣ ಹೋಟೆಲನ್ನು ತೆರೆಯಲಾಯಿತು. ಇಲ್ಲಿ ಅತಿಥಿ ಬರುವ ಮೊದಲೇ ಮನೆಯಲ್ಲಿ ಒಂದು ಕಸುಬು ನಡೆದಿತ್ತು, ಮನೆತನದವರೂ ಜೊತೆಗಿದ್ದರು. ಚಿಕ್ಕ ಪ್ರಮಾಣದಲ್ಲಿ ಆರಂಭಿಸಬಯಸುವ ನಮ್ಮ ಕಡೆಯ ಕುಟುಂಬಗಳಿಗೆ ಮೈಸೂರಿನ ಮಾದರಿಗಿಂತ ಈ ಮಾದರಿ ಹೆಚ್ಚು ಹೊಂದುವಂತಿದೆ. ಸಂಕೇಶ್ವರ, ಗಡಹಿಂಗ್ಲಜ, ಆಜರಾ, ಅಂಬೋಲಿ ಮಾರ್ಗವಾಗಿ ಅಲ್ಲಿಗೆ ಹೋಗಬಹುದು. ಮಳೆಗಾಲದಲ್ಲಿ ಅಂಬೋಲಿ ಘಾಟಿನಲ್ಲಿ ಮಂಜು ಮತ್ತು ಗುಡ್ಡ ಕುಸಿತದ ಭಯವಿರುವುದರಿಂದ ಹಗಲು ಹೊತ್ತಿನಲ್ಲಿಯೇ ದಾಟುವುದು ಕ್ಷೇಮ.

'ಹೆರಿಟೇಜ್' ಎಂಬ ಪದದ ಅರ್ಥ

ಫಲಕದ ಮೇಲೆ 'ಹೆರಿಟೇಜ್' ಎಂದು ಬರೆದಿದ್ದರೆ ಅದು ಸರಕಾರದ ಮಾನ್ಯತೆ ಎಂದು ಭಾವಿಸಬಾರದು. ಕೇಂದ್ರ ಪ್ರವಾಸೋದ್ಯಮ ಮಂತ್ರಾಲಯವು ಪಾರಂಪರಿಕ ಹೋಟೆಲುಗಳಿಗೆ ಮೂರು ದರ್ಜೆಗಳನ್ನು ಗೊತ್ತುಪಡಿಸಿದೆ. ಈ ವರ್ಗೀಕರಣ ಸ್ವಇಚ್ಛೆಯದು, ಪಡೆಯಲೇಬೇಕೆಂಬ ಕಡ್ಡಾಯವಿಲ್ಲ. 1950ಕ್ಕಿಂತ ಮೊದಲು ಕಟ್ಟಿದ, ಕನಿಷ್ಠ 5 ಕೊಠಡಿಗಳುಳ್ಳ ಅರಮನೆ, ಕೋಟೆ, ಹವೇಲಿ, ಬೇಟೆಯ ಬಂಗಲೆ ಅಥವಾ ವಾಸದ ಮನೆಯು 'ಹೆರಿಟೇಜ್ ಬೇಸಿಕ್' ದರ್ಜೆಗೆ ಅರ್ಹ. 1935ಕ್ಕಿಂತ ಮೊದಲು ಕಟ್ಟಿದ್ದು ಕನಿಷ್ಠ 15 ಕೊಠಡಿಗಳಿದ್ದಲ್ಲಿ 'ಹೆರಿಟೇಜ್ ಕ್ಲಾಸಿಕ್' ಹಾಗೂ ಹೆಚ್ಚಿನ ಸೌಲಭ್ಯಗಳಿದ್ದಲ್ಲಿ 'ಹೆರಿಟೇಜ್ ಗ್ರ್ಯಾಂಡ್' ದರ್ಜೆ ದೊರೆಯುತ್ತದೆ. ಕಟ್ಟಡದ ಮುಂಭಾಗ ಮತ್ತು ಮೂಲ ವಾಸ್ತುಲಕ್ಷಣಗಳನ್ನು ಕೆಡಿಸಕೂಡದು. ಹೊಸದಾಗಿ ಸೇರಿಸಿದ ಭಾಗವು ಹಳೆಯದು ಹೊಸದು ಸೇರಿದ ಒಟ್ಟು ತಳವಿಸ್ತೀರ್ಣದ ಶೇ. 50ನ್ನು ಮೀರಬಾರದು. ಈಜುಕೊಳ, ಹುಲ್ಲುಹಾಸುಗಳನ್ನು ಈ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪ್ರಮಾಣಪತ್ರದ ಅವಧಿ ಐದು ವರ್ಷ.

ಅರ್ಧದಷ್ಟು ಹೊಸ ಕಟ್ಟಡವಿರಲು ಅವಕಾಶವಿರುವುದರಿಂದ, ಪ್ರಮಾಣಪತ್ರವಿರುವ ಹೋಟೆಲಿನಲ್ಲಿಯೂ ತಮಗೆ ದೊರೆಯುವ ಕೊಠಡಿ ಹೊಸ ಭಾಗದಲ್ಲಿರಬಹುದು. ಹಳೆಯ ಅರಮನೆಯಲ್ಲಿ ಮಲಗಬೇಕೆಂಬ ಆಸೆಯಿಂದ ಹೋಗಿ ಹಿತ್ತಲಿನ ಹೊಸ ಕಟ್ಟಡದಲ್ಲಿ ರಾತ್ರಿ ಕಳೆಯುವ ಪ್ರಸಂಗ ಬಾರದಂತೆ, ಕೊಠಡಿ ಯಾವ ಭಾಗದ್ದೆಂದು ಮೊದಲೇ ಕೇಳಿ ಬರವಣಿಗೆಯಲ್ಲಿ ಪಡೆಯತಕ್ಕದ್ದು.

ಕೊಠಡಿ ಕಾಯ್ದಿರಿಸುವವರಿಗೆ ಸೂಚನೆಗಳು

ಬಾಡಿಗೆಯ ಮೇಲೆ ಸರಕು ಮತ್ತು ಸೇವಾ ತೆರಿಗೆ ಅನ್ವಯವಾಗುತ್ತದೆ. 22-09-2025ರಿಂದ ಒಂದು ಕೊಠಡಿಗೆ ದಿನವೊಂದಕ್ಕೆ ರೂ. 7,500ರವರೆಗಿನ ಬಾಡಿಗೆಗೆ ಶೇ. 5 ಹಾಗೂ ಅದನ್ನು ಮೀರಿದ ಬಾಡಿಗೆಗೆ ಶೇ. 18 ತೆರಿಗೆಯಿದೆ. ಮೊದಲನೆಯದು ಅದಕ್ಕೂ ಮುಂಚೆ ಶೇ. 12 ಇತ್ತು. ಉದಾಹರಣೆಗೆ, ರೂ. 7,000 ಬಾಡಿಗೆಯ ಕೊಠಡಿಗೆ ತೆರಿಗೆ ಸೇರಿ ರೂ. 7,350 ಆಗುತ್ತದೆ, ರೂ. 8,000 ಬಾಡಿಗೆಯ ಕೊಠಡಿಗೆ ರೂ. 9,440 ಆಗುತ್ತದೆ. ಬಾಡಿಗೆಯಲ್ಲಿ ಒಂದು ಸಾವಿರದ ಅಂತರವಿದ್ದರೂ ಕೈಯಿಂದ ಹೋಗುವುದು ಎರಡು ಸಾವಿರದ ಮೇಲೆ. ಅರಮನೆ ಹೋಟೆಲುಗಳ ಬಾಡಿಗೆ ಹಲವು ಬಾರಿ ಈ ಮಿತಿಯ ಆಚೆ ಈಚೆ ಇರುವುದರಿಂದ, ಋತುಮಾನಕ್ಕೆ ತಕ್ಕಂತೆ ದರ ಇಳಿಯುವ ದಿನಗಳನ್ನು ವಿಚಾರಿಸುವುದು ಲಾಭದಾಯಕ. ತೆರಿಗೆ ಸೇರಿದ ಒಟ್ಟು ಮೊತ್ತ, ಬೆಳಗಿನ ಉಪಾಹಾರ ಸೇರಿದೆಯೇ ಇಲ್ಲವೇ, ರದ್ದುಪಡಿಸಿದಲ್ಲಿ ಎಷ್ಟು ಹಣ ಮರಳುತ್ತದೆ ಎಂಬುದನ್ನು ಮುಂಗಡ ಕಳುಹಿಸುವ ಮುನ್ನವೇ ಖಚಿತಪಡಿಸಿಕೊಳ್ಳಿ. ರಸೀದಿ ಪಡೆಯದೆ ಬರಬೇಡಿ.

ತಂಗುವ ಪ್ರತಿಯೊಬ್ಬ ವಯಸ್ಕರೂ ಗುರುತಿನ ಚೀಟಿ ತರಬೇಕು. ವಿದೇಶಿ ಪಾಸ್‌ಪೋರ್ಟ್ ಹೊಂದಿರುವ ಅತಿಥಿ ತಂಗಿದಲ್ಲಿ ಅವರ ವಿವರಗಳನ್ನು 24 ಗಂಟೆಗಳೊಳಗೆ ಸಂಬಂಧಿಸಿದ ನೋಂದಣಿ ಅಧಿಕಾರಿಗೆ ಸಲ್ಲಿಸುವುದು ಅತಿಥಿಗೃಹ ನಡೆಸುವವರ ಕರ್ತವ್ಯ. ಪರದೇಶದಲ್ಲಿ ನೆಲೆಸಿ ಅಲ್ಲಿಯ ಪೌರತ್ವ ಪಡೆದ ನಮ್ಮವರೇ ಮಕ್ಕಳೊಡನೆ ಬಂದಾಗ ಇದು ಮರೆತುಹೋಗುತ್ತದೆ. 'ಊರಿನವರೇ ಅಲ್ಲವೇ' ಎಂಬ ಸಮಾಧಾನ ಕಾನೂನಿಗೆ ಸಾಲದು.

ಹಳೆಯ ಕಟ್ಟಡಕ್ಕೆ ಅದರದೇ ಸ್ವಭಾವವಿದೆ. ಮೆಟ್ಟಿಲುಗಳು ಕಡಿದಾಗಿಯೂ ಎತ್ತರವಾಗಿಯೂ ಇರುತ್ತವೆ, ಬಾಗಿಲ ಚೌಕಟ್ಟು ತಗ್ಗಾಗಿರುತ್ತದೆ, ಲಿಫ್ಟ್ ಇರುವುದು ಅಪರೂಪ. ಮೊಣಕಾಲು ನೋವಿರುವ ಹಿರಿಯರನ್ನು ಕರೆದೊಯ್ಯುವವರು ನೆಲಮಹಡಿಯ ಕೊಠಡಿಯನ್ನೇ ಕೇಳಬೇಕು. ಶೌಚಾಲಯವು ಕೊಠಡಿಗೆ ಹೊಂದಿಕೊಂಡಿದೆಯೋ ಹೊರಗಿದೆಯೋ ತಿಳಿದುಕೊಳ್ಳಬೇಕು. ಚಿಕ್ಕ ಮಕ್ಕಳಿದ್ದಲ್ಲಿ ತೆರೆದ ಬಾವಿ, ಕೈಪಿಡಿಯಿಲ್ಲದ ಬುರುಜು, ಮಾಳಿಗೆಯ ಬೆಳಕಿಂಡಿ ಇವುಗಳ ಬಳಿ ಕಣ್ಣಿಡಬೇಕು. ಬೇಸಗೆಯಲ್ಲಿ ದಪ್ಪ ಮಣ್ಣಿನ ಗೋಡೆಯ ಕೋಣೆ ತಂಪಾಗಿರುತ್ತದೆ ಎಂಬುದು ನಿಜ. ಮಳೆಗಾಲದಲ್ಲಿ ಅದೇ ಕೋಣೆಯಲ್ಲಿ ತೇವದ ವಾಸನೆ ಬರುತ್ತದೆ ಎಂಬುದೂ ನಿಜ. ಇದನ್ನು ಕೊರತೆಯೆಂದು ದೂರುವ ಮೊದಲು, ಗಾರೆಯ ಗೋಡೆ ಒಣಗಲು ಬಿಸಿಲು ಬೇಕೆಂಬುದನ್ನು ಲಕ್ಷ್ಯದಲ್ಲಿಡುವುದು. ಆದರೆ ಸೋರುವ ಛಾವಣಿ, ಜೋತುಬಿದ್ದ ವಿದ್ಯುತ್ ತಂತಿ, ಅಗ್ನಿಶಾಮಕ ಸಲಕರಣೆ ಇಲ್ಲದಿರುವುದು ಇವು ಪರಂಪರೆಯ ಲಕ್ಷಣಗಳಲ್ಲ, ನಿರ್ವಹಣೆಯ ದೋಷಗಳು. ಇವುಗಳ ಬಗ್ಗೆ ಅತಿಥಿಯು ಲಿಖಿತವಾಗಿ ತಿಳಿಸಬಹುದು.

ಮನೆತನದವರು ವಾಸವಿರುವ ಕಡೆ ದೇವರಮನೆಗೂ ಒಳಚೌಕಕ್ಕೂ ಕರೆಯದೆ ಹೋಗಬಾರದು. ಗೋಡೆಯ ಮೇಲಿನ ಖಡ್ಗ, ಭಾವಚಿತ್ರ, ಹಳೆಯ ಮೋಡಿ ಲಿಪಿಯ ಕಾಗದಪತ್ರಗಳನ್ನು ಮುಟ್ಟಿ ನೋಡುವುದು ಬೇಡ. ಕೇಳಿದರೆ ತೋರಿಸುವವರು ಬಹಳ ಮಂದಿ ಇದ್ದಾರೆ.

ವಾಡೆಯನ್ನು ಅತಿಥಿಗಳಿಗೆ ತೆರೆಯಬಯಸುವವರಿಗೆ

ಅನುಮತಿಗಳಿಗಿಂತ ಮೊದಲು ಬಗೆಹರಿಯಬೇಕಾದುದು ಹಕ್ಕಿನ ಪ್ರಶ್ನೆ. ನಾಲ್ಕು ತಲೆಮಾರುಗಳಿಂದ ಹಿಸ್ಸೆಯಾಗದೆ ಉಳಿದ ವಾಡೆಗೆ ಹತ್ತಾರು ವಾರಸುದಾರರಿರಬಹುದು. ಪುಣೆ, ಮುಂಬಯಿ, ಬೆಂಗಳೂರುಗಳಲ್ಲಿ ನೆಲೆಸಿದವರೂ ಇರಬಹುದು, ಮದುವೆಯಾಗಿ ಹೋದ ಹೆಣ್ಣುಮಕ್ಕಳೂ ಇರುತ್ತಾರೆ. ಹಿಂದೂ ಉತ್ತರಾಧಿಕಾರ ಕಾನೂನಿನ 2005ರ ತಿದ್ದುಪಡಿಯ ಮೇರೆಗೆ ಪಿತ್ರಾರ್ಜಿತ ಸ್ವತ್ತಿನಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕಿದೆ. ಊರಲ್ಲಿರುವ ಒಬ್ಬ ಅಣ್ಣನು ಸಾಲ ಮಾಡಿ ದುರಸ್ತಿ ಮಾಡಿಸಿ ಕೊಠಡಿ ಬಾಡಿಗೆಗೆ ಕೊಟ್ಟ ಮೇಲೆ ತಂಗಿಯೋ ದಾಯಾದಿಯೋ ತಕರಾರು ತೆಗೆದರೆ, ಹಾಕಿದ ಹಣ ನ್ಯಾಯಾಲಯದ ಬಾಗಿಲಲ್ಲಿ ನಿಲ್ಲುತ್ತದೆ. ಆದುದರಿಂದ ಎಲ್ಲ ಹಕ್ಕುದಾರರ ಲಿಖಿತ ಒಪ್ಪಿಗೆ, ಆದಾಯ ಹಾಗೂ ದುರಸ್ತಿ ವೆಚ್ಚದ ಹಂಚಿಕೆ, ಯಾರು ನಡೆಸತಕ್ಕದ್ದು ಎಂಬುದನ್ನು ನೋಂದಾಯಿತ ಕರಾರಿನಲ್ಲಿ ಮೊದಲೇ ಬರೆಸುವುದು ಅವಶ್ಯ. ಹೊರಗಿನ ಸಂಸ್ಥೆಗೆ ಗುತ್ತಿಗೆಗೆ ಕೊಡುವುದಾದರೆ, ಛಾವಣಿ ಮತ್ತು ತೊಲೆಗಳ ದುರಸ್ತಿ ಯಾರ ಹೊಣೆಯೆಂಬ ಕಲಮು ಇರಲೇಬೇಕು. ಬಾಡಿಗೆ ಬಂತು, ಮಾಳಿಗೆ ಬಿತ್ತು ಎಂಬಂತಾದರೆ ಕೊಟ್ಟು ಪ್ರಯೋಜನವಿಲ್ಲ.

ಎರಡನೆಯದಾಗಿ, ಕಟ್ಟಡವು ಸಂರಕ್ಷಿತ ಸ್ಮಾರಕವೇ ಅಥವಾ ಅಂತಹ ಸ್ಮಾರಕದ ಸಮೀಪದಲ್ಲಿದೆಯೇ ಎಂದು ಪರಿಶೀಲಿಸಬೇಕು. ಕೇಂದ್ರದ ಸಂರಕ್ಷಿತ ಸ್ಮಾರಕದಿಂದ 100 ಮೀಟರ್‌ವರೆಗೆ ಹೊಸ ಕಟ್ಟಡ ನಿಷಿದ್ಧ. ಅದರಾಚೆಯ 200 ಮೀಟರ್‌ನಲ್ಲಿ ಪೂರ್ವಾನುಮತಿ ಬೇಕು. ರಾಜ್ಯ ಸಂರಕ್ಷಿತ ಸ್ಮಾರಕಗಳಿಗೆ 1961ರ ರಾಜ್ಯ ಅಧಿನಿಯಮ ಅನ್ವಯಿಸುತ್ತದೆ.

ಐದು ಕೊಠಡಿಗಳನ್ನೂ ಒದಗಿಸಲಾಗದ ಚಿಕ್ಕ ವಾಡೆಗಳಿಗೆ ಹೋಮ್‌ಸ್ಟೇ ಮಾರ್ಗವಿದೆ. ಕೇಂದ್ರ ಪ್ರವಾಸೋದ್ಯಮ ಮಂತ್ರಾಲಯದ ವಾಸ್ತವ್ಯ ಹಾಗೂ ಉಪಾಹಾರ ಯೋಜನೆಯಡಿ ಒಂದರಿಂದ ಆರು ಕೊಠಡಿಗಳವರೆಗೆ, ಅಂದರೆ ಹೆಚ್ಚೆಂದರೆ 12 ಹಾಸಿಗೆಗಳವರೆಗೆ, ಅತಿಥಿಗಳಿಗೆ ನೀಡಬಹುದು. ಆದರೆ ಒಡೆಯರ ಕುಟುಂಬ ಅದೇ ಮನೆಯಲ್ಲಿ ವಾಸವಿರತಕ್ಕದ್ದು. ಬೀಗ ಹಾಕಿ ಪುಣೆಯಲ್ಲಿದ್ದುಕೊಂಡು, ಹಬ್ಬಕ್ಕೊಮ್ಮೆ ಬಂದು ಹೋಗುವ ಕುಟುಂಬಗಳಿಗೆ ಈ ಯೋಜನೆ ಅನ್ವಯವಾಗದು. ರಾಜ್ಯದಲ್ಲಿಯೂ ಹೋಮ್‌ಸ್ಟೇಗಳ ನೋಂದಣಿ ಇದ್ದು, ಅದರ ನಿಬಂಧನೆಗಳನ್ನು ಬೆಳಗಾವಿಯ ಪ್ರವಾಸೋದ್ಯಮ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ ಪಡೆಯುವುದು.

ದುರಸ್ತಿಯ ವಿಷಯದಲ್ಲಿ ಒಂದು ಮಾತು ಹೇಳಲೇಬೇಕಾಗಿದೆ. ಗಾರೆಯ ಗೋಡೆಗೆ ಸಿಮೆಂಟ್ ಬಳಿಯುವುದು ಸುಲಭ, ಅಗ್ಗ, ಊರ ಗೌಂಡಿಗಳಿಗೆಲ್ಲ ಬರುವ ಕೆಲಸ. ಆದರೆ ಸಿಮೆಂಟ್ ಪದರವು ಗೋಡೆಯೊಳಗಿನ ತೇವವನ್ನು ಹೊರಗೆ ಬಿಡದು. ತೇವ ಒಳಗೇ ಉಳಿದು ಕೆಲವು ಮಳೆಗಾಲಗಳಲ್ಲಿ ಇಟ್ಟಿಗೆ ಮತ್ತು ಮಣ್ಣು ಪುಡಿಯಾಗುತ್ತವೆ. ಸಾಗುವಾನಿ ಕಂಬಕ್ಕೆ ಎಣ್ಣೆಬಣ್ಣ ಹೊಡೆಸುವುದು, ಕಲ್ಲಿನ ನೆಲದ ಮೇಲೆ ಹೊಳೆಯುವ ಟೈಲ್ಸ್ ಹಾಸುವುದು, ಪಡಸಾಲೆಗೆ ಅಲ್ಯೂಮಿನಿಯಂ ಕಿಟಕಿ ಕೂಡಿಸುವುದು ಸಹ ಇದೇ ಬಗೆಯವು. ಹೀಗೆ ಮಾಡಿದ ಮೇಲೆ ಪಾರಂಪರಿಕ ದರ್ಜೆಗೆ ಅರ್ಜಿ ಹಾಕಿದರೆ ಪರಿಶೀಲನಾ ಸಮಿತಿಯು ತೋರಿಸಲು ಕೇಳುವುದು ಇಲ್ಲವಾದುದನ್ನೇ. ಸ್ನಾನಗೃಹಗಳನ್ನು ಹಳೆಯ ಗೋಡೆ ಕೊರೆಯದೆ, ನೀರು ಇಂಗದಂತೆ, ಸಾಧ್ಯವಿದ್ದಲ್ಲಿ ಪ್ರತ್ಯೇಕ ತಳಪಾಯದ ಮೇಲೆ ಕಟ್ಟಿಸುವುದು ಮೇಲು.

ಇನ್ನುಳಿದ ಅನುಮತಿಗಳು ಯಾವುದೇ ವಸತಿಗೃಹಕ್ಕೆ ಬೇಕಾದವುಗಳೇ: ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿ ಅಥವಾ ಗ್ರಾಮ ಪಂಚಾಯಿತಿಯ ವ್ಯಾಪಾರ ಪರವಾನಗಿ, ಊಟ ನೀಡುವುದಾದರೆ ಆಹಾರ ಸುರಕ್ಷತಾ ನೋಂದಣಿ, ವಹಿವಾಟಿಗೆ ತಕ್ಕಂತೆ ತೆರಿಗೆ ನೋಂದಣಿ, ಅಗ್ನಿ ಸುರಕ್ಷತೆ. ಅರ್ಜಿಯೊಡನೆ ಸ್ವತ್ತಿನ ಉತಾರ, ಕಟ್ಟಡದ ನಕಾಶೆ, ಹಕ್ಕುದಾರರ ಒಪ್ಪಿಗೆ ಪತ್ರ ಇವು ಸಿದ್ಧವಿರಲಿ. ಕಟ್ಟಡದ ಪ್ರಾಚೀನತೆಯನ್ನು ತೋರಿಸಲು ಹಳೆಯ ಉತಾರಗಳು, ವತನ ರದ್ದತಿಯ ಕಾಲದ ಆದೇಶಗಳು, ಸಿಟಿ ಸರ್ವೆ ದಾಖಲೆಗಳು ಉಪಯೋಗಕ್ಕೆ ಬರುತ್ತವೆ. ಮನೆಯ ಅಟ್ಟದಲ್ಲಿರುವ ಗಂಟುಗಳನ್ನು ರದ್ದಿಗೆ ಹಾಕುವ ಮೊದಲು ಮೋಡಿ ಬಲ್ಲವರಿಂದ ಓದಿಸತಕ್ಕದ್ದು. ಸಲ್ಲಿಸಿದ ಅರ್ಜಿಯು ಸಕಾಲ ವ್ಯಾಪ್ತಿಯ ಸೇವೆಗೆ ಸಂಬಂಧಿಸಿದ್ದಲ್ಲಿ ಸ್ವೀಕೃತಿಯ ಮೇಲೆ ಜಿ.ಎಸ್.ಸಿ. ಸಂಖ್ಯೆ ನಮೂದಾಗಿರಬೇಕು. ಆ ಸಂಖ್ಯೆಯನ್ನು ಪಡೆದು ಜೋಪಾನವಾಗಿಟ್ಟುಕೊಳ್ಳುವುದು. ನಿಗದಿತ ದಿನಗಳೊಳಗೆ ಉತ್ತರ ಬಾರದಿದ್ದಲ್ಲಿ ಮೇಲ್ಮನವಿ ಸಲ್ಲಿಸಲು ಅದೇ ಸಂಖ್ಯೆ ಬೇಕಾಗುತ್ತದೆ.